ಬೇಡಪ್ಪನ ಕೊಳ

ನಮ್ಮಣ್ಣನ ಹೆಸರು ಬೇಡಪ್ಪ ಅಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಅದನ್ನ ಕೂಗೋರು ಈಗ ಯಾರೂ ಉಳಿದಿಲ್ಲ. ಸಿಗಡಿ ಕೊಳ ಇಟ್ಟೋರ ಹತ್ರ ವಾರಕ್ಕೊಬ್ಬ ಔಷಧಿ ಮಾರೋನು ಬರ್ತಾನೆ. ಬ್ಯಾಗ್ ತುಂಬ ಸೀಸೆ, ಬಾಯಿ ತುಂಬ ಮಾತು. "ಇದು ಹಾಕಿ ಅಣ್ಣಾ, ಒಂದು ಸಿಗಡಿನೂ ಸಾಯಲ್ಲ." ನಮ್ಮಣ್ಣ ಕಟ್ಟೆ ಮೇಲೆ ಕೂತ್ಕೊಂಡು, ತಲೆನೂ ಎತ್ತದೆ, "ಬೇಡಪ್ಪ" ಅಂತಿದ್ದ. "ಹೋಗ್ಲಿ, ಇದು ನೋಡಿ, ಮೊದಲ ಸೀಸೆ ಪುಕ್ಕಟೆ." "ಬೇಡಪ್ಪ." ಇದನ್ನೇ ಕೇಳಿ ಕೇಳಿ ಸಾಕಾದವನೊಬ್ಬ ಪಕ್ಕದ ಕೊಳದವರ ಮುಂದೆ "ಆ ಬೇಡಪ್ಪನ ಹತ್ರ ಮಾತ್ರ ನನ್ನ ಆಟ ನಡೆಯಲ್ಲ" ಅಂದನಂತೆ. ಅಷ್ಟೇ, ಹೆಸರು ಅಂಟ್ಕೊಂತು. ಸರ್ಕಾರಿ ಆಫೀಸಿನ ಗುಮಾಸ್ತರೊಬ್ಬರು ಅರ್ಜಿ ಮೇಲೇ 'ಶ್ರೀ ಬೇಡಪ್ಪನವರು' ಅಂತ ಬರೆದುಬಿಟ್ಟಿದ್ರು. ಅದನ್ನ ತಿದ್ದಿಸೋಕೆ ಅಣ್ಣ ಎರಡು ಸಲ ಅಲೆದ. ಬೈಕೊಂಡೇ ಬಂದ, ಆದ್ರೆ ಒಳಗೊಳಗೇ ಖುಷಿ. ನನಗೆ ಗೊತ್ತಾಗಲ್ವಾ?

ಅವನ ಕಥೆ ಹೇಳೋ ಯೋಗ್ಯತೆ ನನಗಿಲ್ಲ. ಆದ್ರೂ ಹೇಳ್ತೀನಿ, ಯಾಕಂದ್ರೆ ನಿಜ ಗೊತ್ತಿರೋಳು ನಾನೊಬ್ಬಳೇ. ಬೇರೆ ಯಾರನ್ನ ಕೇಳಿದ್ರೂ ನಿಮಗೆ ಇನ್ನೊಂದು ಕಥೆ ಸಿಗುತ್ತೆ.

ಅಣ್ಣ ಹದಿನಾರಕ್ಕೇ ದೋಣಿ ಹತ್ತಿದವನು. ಬಲೆ ಎಳೆದು, ಮೀನು ಆರಿಸಿ, ಐಸ್ ಒಡೆದು ಇಪ್ಪತ್ತು ವರ್ಷ ಕಳೆದ. ಆಮೇಲಾಮೇಲೆ ಬಲೆಗೆ ಮೀನಿಗಿಂತ ಪ್ಲಾಸ್ಟಿಕ್ಕೇ ಜಾಸ್ತಿ ಬರೋಕೆ ಶುರುವಾಯ್ತು. "ಸಮುದ್ರ ನಮ್ಮನ್ನ ಸಾಕಿದ್ದು ಸಾಕು, ಇನ್ನು ನಾವು ಏನಾದ್ರೂ ಸಾಕೋಣ" ಅಂತ ದಡಕ್ಕೆ ಬಂದ. ಹುಲ್ಲೂ ಹುಟ್ಟದ ಉಪ್ಪು ಜೌಗನ್ನ ಗೇಣಿಗೆ ಹಿಡಿದ. ಅವನೂ ಅತ್ತಿಗೆನೂ ಗುದ್ದಲಿ ಹಿಡಿದು ಎರಡು ಕೊಳ ತೋಡಿದ್ರು. ಮೊದಲನೇ ಬೆಳೆ ಪೂರ್ತಿ ಸತ್ತು ತೇಲಿತು. ಪಕ್ಕದವರು ತಮ್ಮ ರೋಗದ ನೀರನ್ನ ಕಾಲುವೆಗೆ ಬಿಟ್ಟಿದ್ರು, ಅದೇ ನೀರನ್ನ ಇವನು ಪಂಪ್ ಹಾಕಿ ಒಳಗೆ ಎಳ್ಕೊಂಡಿದ್ದ. ಬೇರೆಯವರಾಗಿದ್ರೆ ಪಕ್ಕದವರ ಕೊರಳಪಟ್ಟಿ ಹಿಡೀತಿದ್ರು. ಇವನು ಮೂರು ದಿನ ಮಂಕಾಗಿ ಕೂತ, ನಾಲ್ಕನೇ ದಿನ ಎದ್ದು ಎರಡನೇ ಕೊಳವನ್ನ ಬರೀ ಗಲೀಜು ನೀರು ತಿಳಿಯಾಗೋಕೆ ಅಂತ ಬಿಟ್ಟ. ತನ್ನ ಕೊಳದ ನೀರು ಅಲ್ಲಿ ನಿಂತು ತಿಳಿಯಾದ ಮೇಲೇ ಕಾಲುವೆಗೆ ಹೋಗಬೇಕು. ಜನ ನಕ್ಕಿದ್ದೇ ನಕ್ಕಿದ್ದು. "ಒಂದು ಕೊಳದಲ್ಲಿ ಸಿಗಡಿ ಸಾಕ್ತಾನೆ, ಇನ್ನೊಂದರಲ್ಲಿ ಕೊಳಕು ಸಾಕ್ತಾನೆ." ಇವನೂ ಕಮ್ಮಿ ಇಲ್ಲ, "ಕೊಳಕು ಬೇರೆಯವರ ಮನೆಗೆ ಕಳಿಸೋದಕ್ಕಿಂತ ನಾನೇ ಸಾಕೋದು ವಾಸಿ" ಅಂತಿದ್ದ.

ಯಾವುದನ್ನ ನೋಡಿ ಜನ ನಗ್ತಿದ್ರೋ, ಇಪ್ಪತ್ತು ವರ್ಷ ಆದ್ಮೇಲೆ ಸರ್ಕಾರ ಅದನ್ನೇ ಯೋಜನೆ ಮಾಡ್ತು. ಸಿಗಡಿ ರಫ್ತು ಹೆಚ್ಚಾಗಬೇಕು, ಕೊಳ ಸ್ವಚ್ಛವಾಗಿರಬೇಕು, ಮದ್ದು ಹಾಕಬಾರದು, ಒತ್ತೊತ್ತಾಗಿ ಮರಿ ಬಿಡಬಾರದು, ದಿನಾ ಪುಸ್ತಕದಲ್ಲಿ ಬರೀಬೇಕು. ಸಭಾಂಗಣದಲ್ಲಿ ಬ್ಯಾನರ್ ಕಟ್ಟಿ, ಮೈಕ್ ಹಾಕಿ, ಬಿಸ್ಕತ್ತು ಟೀ ಕೊಟ್ಟು ಹೇಳಿದ್ರು. ಮೀನುಗಾರಿಕೆ ಇಲಾಖೆಯ ಮೇಡಂ ಒಬ್ರು ಬಂದಿದ್ರು, ಒಳ್ಳೇ ಹೆಂಗಸು. ಸೀರೆ ಎತ್ತಿ ಕಟ್ಟಿ ಅಣ್ಣನ ಎರಡನೇ ಕೊಳಕ್ಕೆ ಇಳಿದು, ಕೆಸರು ಕೈಯಲ್ಲಿ ತಗೊಂಡು ಮೂಸಿ ನೋಡಿ, "ಇದನ್ನ ಯಾರು ಹೇಳಿಕೊಟ್ರು ನಿಮಗೆ?" ಅಂತ ಕೇಳಿದ್ರು. ಅಣ್ಣ "ಸತ್ತ ಸಿಗಡಿಗಳು ಹೇಳಿಕೊಟ್ಟವು ಮೇಡಂ" ಅಂದ. ಹನ್ನೆರಡು ಕೊಳಗಳನ್ನ ಆರಿಸಿದ್ರು. ಅದರಲ್ಲಿ ಅಣ್ಣನದು ಮಾದರಿ ಕೊಳ. ಗೇಟಿಗೆ ಹಸಿರು ಬೋರ್ಡ್ ಹೊಡೆದ್ರು. ಅಣ್ಣ ದಿನಾ ಬೆಳಿಗ್ಗೆ ಅದನ್ನ ಒರೆಸೋನು. "ನನ್ನ ಮುಖಕ್ಕಿಂತ ಆ ಬೋರ್ಡೇ ನಿಮಗೆ ಚೆಂದ" ಅಂತ ಅತ್ತಿಗೆ ಛೇಡಿಸ್ತಿದ್ಲು.

ನನ್ನ ವಿಷಯಕ್ಕೆ ಬರ್ತೀನಿ. ನಾನು ಸಿಗಡಿ ಸುಲಿಯೋ ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಉದ್ದ ಸ್ಟೀಲ್ ಮೇಜು, ಎರಡೂ ಕಡೆ ಸೇರಿ ನಲವತ್ತು ಹೆಂಗಸರು, ನೀಲಿ ಏಪ್ರನ್, ಮೊಣಕಾಲುದ್ದ ಬೂಟು. ತಲೆ ಮುರಿ, ಸಿಪ್ಪೆ ಎಳೆ, ಬೆನ್ನು ಸೀಳು, ಕಪ್ಪು ನರ ತೆಗೆ, ಐಸ್ ನೀರಿಗೆ ಹಾಕು. ಬೆಳಿಗ್ಗೆಯಿಂದ ಸಂಜೆವರೆಗೆ ಇಷ್ಟೇ. ಸಿಗಡಿ ತಲೆಯ ಮುಳ್ಳು ಚುಚ್ಚುತ್ತೆ, ಐಸ್ ನೀರು ಕೊರೆಯುತ್ತೆ, ಬೆರಳ ಸಂದೆಲ್ಲ ಒಡೆದು ಕೆಂಪಾಗುತ್ತೆ. ಮನೆಗೆ ಹೋಗಿ ಅನ್ನ ಕಲಸೋಕೆ ಕೈ ಹಾಕಿದ್ರೆ ಜೀವ ಹೋಗುತ್ತೆ. ಗ್ಲೌಸ್ ಕೊಟ್ಟಿದ್ರು, ಸುಳ್ಳು ಹೇಳಲ್ಲ. ಆದ್ರೆ ಗ್ಲೌಸ್ ಹಾಕ್ಕೊಂಡ್ರೆ ನರ ಬೆರಳಿಗೆ ಸಿಗಲ್ಲ, ಅರ್ಧ ಒಳಗೇ ಉಳಿಯುತ್ತೆ. ಆದ್ರೂ ಬೈಸ್ಕೋಬಾರದು ಅಂತ ಹಾಕ್ಕೋತಿದ್ವಿ, ಹರಕೋ ಮುರುಕೋ. ನನ್ನ ಎದುರಿಗೆ ಕೂರೋಳಿಗೆ ರೇಡಿಯೋ ಅಂತ ಹೆಸರು, ಯಾಕೆ ಅಂತ ಕೇಳಬೇಡಿ. ಅವಳ ಹತ್ರ ಒಂದು ಮುಲಾಮು ಇರ್ತಿತ್ತು. ಹಚ್ಚಿದ್ರೆ ಎರಡೇ ದಿನಕ್ಕೆ ಗಾಯ ಮಾಯ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೇ ಕೊಡ್ತಿದ್ರು. ಮೇಜಿನವರೆಲ್ಲ ಅದನ್ನೇ ಹಚ್ಚೋರು. ನಾನೂ ಒಂದು ಟ್ಯೂಬ್ ಇಟ್ಕೊಂಡಿದ್ದೆ. ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆದು ಬರ್ತಿದ್ದೆ.

ಅಣ್ಣನ ಕೊಳದ ಮೊದಲ ರಫ್ತು ಬೆಳೆ ನಮ್ಮ ಶೆಡ್ಡಿಗೇ ಬಂತು. ಯೋಜನೆಯ ಮೊದಲ ಕಂಟೇನರ್ ಅದು. ಕ್ರೇಟ್ ಮೇಲೆ ಅಣ್ಣನ ಕೊಳದ ನಂಬರ್ ನೋಡಿ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸೂಪರ್‌ವೈಸರ್ ಹತ್ರ ಹೋಗಿ, "ಸಾರ್, ಇದು ನಮ್ಮಣ್ಣನದು, ನಮ್ಮ ಮೇಜಿಗೇ ಹಾಕಿ" ಅಂತ ಕೇಳಿ ಹಾಕಿಸ್ಕೊಂಡೆ. ಎಂಥಾ ಸಿಗಡಿ ಅಂತೀರಿ! ಗಾಜಿನ ಹಾಗೆ. ಇದರಲ್ಲಿ ಒಂದು ಎಳೆ ನರ ಉಳೀಬಾರದು, ಪರದೇಶದವರು ಬಾಯಿ ಚಪ್ಪರಿಸ್ಕೊಂಡು ತಿನ್ನಬೇಕು ಅಂತ ಗ್ಲೌಸ್ ಕಿತ್ತು ಪಕ್ಕಕ್ಕಿಟ್ಟೆ. ಬರಿಗೈಲಿ ಸುಲಿದೆ. ಮಧ್ಯಾಹ್ನದ ಹೊತ್ತಿಗೆ ಎರಡು ಬೆರಳಿಂದ ರಕ್ತ. ರಕ್ತ ತಾಗಬಾರದಲ್ಲ ಅಂತ, ಟೀ ಬಿಡುವಿನಲ್ಲಿ ಮುಲಾಮು ದಪ್ಪಗೆ ಮೆತ್ತಿ, ಒಣಗಿತು ಅನ್ನಿಸಿದ ಮೇಲೆ ಮತ್ತೆ ಕೂತೆ. ಸಂಜೆವರೆಗೂ ಸುಲಿದೆ. ಅಷ್ಟು ಶ್ರದ್ಧೆಯಿಂದ ನಾನು ಜೀವಮಾನದಲ್ಲಿ ಇನ್ಯಾವ ಕೆಲಸನೂ ಮಾಡಿಲ್ಲ.

ಒಂದೂವರೆ ತಿಂಗಳಾದ ಮೇಲೆ ಕಂಟೇನರ್ ವಾಪಸ್ ಬಂತು. ಅಲ್ಲಿನ ಲ್ಯಾಬಿನಲ್ಲಿ ಸಿಗಡಿಯೊಳಗೆ ಮದ್ದು ಸಿಕ್ಕಿತಂತೆ. ಕೊಳಗಳಲ್ಲಿ ಹಾಕಲೇಬಾರದು ಅಂತ ಎಲ್ಲ ದೇಶಗಳೂ ಬಂದ್ ಮಾಡಿರೋ ಮದ್ದು. ಎಷ್ಟು ಸಿಕ್ಕಿತು ಅಂದ್ರೆ, ಮೇಡಂ ಹೇಳಿದ ಲೆಕ್ಕದಲ್ಲಿ ಒಂದು ಕೆರೆಗೆ ಒಂದು ಹನಿ. ಆದ್ರೆ ಹನಿ ಇದ್ರೂ ಮದ್ದು ಮದ್ದೇ. ಕ್ರೇಟ್ ನಂಬರ್ ಹಿಡ್ಕೊಂಡು ಹಿಂದೆ ಹಿಂದೆ ಬಂದ್ರೆ ನಿಂತಿದ್ದು ಅಣ್ಣನ ಹಸಿರು ಬೋರ್ಡ್ ಮುಂದೆ.

ಮೇಡಂ ಕೊಳ ಪರೀಕ್ಷೆಗೆ ಬಂದ್ರು. ಪರೀಕ್ಷೆ ಮಾಡೋಕೆ ಎರಡೂ ಕೊಳದಲ್ಲಿ ನೀರೇ ಇರಲಿಲ್ಲ. ಬೆಳೆ ತೆಗೆದ ಮೇಲೆ ನೀರು ಖಾಲಿ ಮಾಡಿ, ತಳದ ಕೆಸರು ಕೆರೆದು, ಸುಣ್ಣ ಹಾಕಿ ಒಣಗಿಸಬೇಕು ಅಂತ ಯೋಜನೆಯ ಪುಸ್ತಕದಲ್ಲೇ ಇತ್ತು. ಅಣ್ಣ ಹಾಗೇ ಮಾಡಿದ್ದ. ಕೊಳದ ತಳ ಬಿರುಕು ಬಿಟ್ಟು ಬೆಳ್ಳಗೆ ಬಿದ್ದಿತ್ತು. ಸಿಗಡಿ ಒಂದನ್ನೂ ತೆಗೆದಿಟ್ಟಿರಲಿಲ್ಲ, ತೆಗೆದಿಡು ಅಂತ ಯಾರೂ ಹೇಳಿರಲಿಲ್ಲ. ಪುಸ್ತಕದಲ್ಲಿ ದಿನಾ 'ಮದ್ದು: ಇಲ್ಲ, ಮದ್ದು: ಇಲ್ಲ' ಅಂತ ದುಂಡಗೆ ಬರೆದಿದ್ದ. "ಬರೆದಿದ್ದು ನೀವೇ ಅಲ್ವಾ, ಸಾಕ್ಷಿ ಯಾರು?" ಅಂತ ಕೇಳಿದ್ರು. ಶೆಡ್ಡಿಗೂ ಬಂದು ನೋಡಿದ್ರು. ನಮ್ಮ ಫೈಲ್ ಚೊಕ್ಕಟವಾಗಿತ್ತು. ಅವತ್ತೂ ಗ್ಲೌಸ್ ಹಾಕಿದ್ವಿ ಅಂತ ನಲವತ್ತು ಜನರ ಸಹಿ ಇತ್ತು, ನನ್ನದೂ ಇತ್ತು.

ಮೂರನೇ ದಿನ ಶೆಡ್ಡಿನ ಗೋಡೆಗೆ ಒಂದು ಕಾಗದ ಅಂಟಿಸಿದ್ರು. ಆ ಮದ್ದಿನ ಹೆಸರು ದಪ್ಪ ಇಂಗ್ಲಿಷ್ ಅಕ್ಷರದಲ್ಲಿತ್ತು, ಉದ್ದಕ್ಕೆ, ಬಾಯಲ್ಲಿ ತಿರುಗದ ಹೆಸರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ ಒಬ್ಬ. ನಾನು ಬೆರಳು ಮುಟ್ಟಿ ನೋಡ್ಕೊಂಡೆ. ಯಾಕೆ ಅಂತ ನನಗೇ ಗೊತ್ತಿಲ್ಲ. ಹೆಸರನ್ನ ಚೀಟಿಯಲ್ಲಿ ಚಿತ್ರ ಬರೆದ ಹಾಗೆ ಬರ್ಕೊಂಡು, ಪಾಯಿಖಾನೆಗೆ ಹೋಗಿ ಅಗುಳಿ ಹಾಕಿ, ಸೊಂಟದಲ್ಲಿದ್ದ ಟ್ಯೂಬ್ ತೆಗೆದೆ. ಹಿಂಡಿ ಹಿಂಡಿ ಸುಕ್ಕಾಗಿತ್ತು. ಸುಕ್ಕು ಬಿಡಿಸಿ, ಒಂದೊಂದೇ ಅಕ್ಷರ ಪಕ್ಕದಲ್ಲಿಟ್ಟು ನೋಡಿದೆ. ಮೊದಲನೇದು ಸರಿ ಹೋಯ್ತು. ಎರಡನೇದು ಸರಿ ಹೋಯ್ತು. ಕೊನೇ ಅಕ್ಷರದವರೆಗೂ ಸರಿ ಹೋಯ್ತು. ನೆಲದ ಮೇಲೇ ಕೂತುಬಿಟ್ಟೆ.

ಅವತ್ತೇ ಹೋಗಿ ಹೇಳಬೇಕಿತ್ತು. ಅಣ್ಣನ ಮನೆ ಶೆಡ್ಡಿಂದ ಇಪ್ಪತ್ತು ನಿಮಿಷದ ದಾರಿ. ಹೋಗಲಿಲ್ಲ. ಹೇಳಿದ್ರೆ ಶೆಡ್ ಮುಚ್ಚಿಸ್ತಾರೆ, ನಲವತ್ತು ಒಲೆ ಆರುತ್ತೆ ಅಂತ ನನಗೆ ನಾನೇ ಹೇಳ್ಕೊಂಡೆ. ಅದೂ ನಿಜವೇ. ಆದ್ರೆ ಬರೀ ಅದೇ ಅಲ್ಲ, ನನಗೆ ಹೆದರಿಕೆ. ಎಲ್ಲರೂ ನನ್ನ ಕಡೆ ತಿರುಗಿ ನೋಡ್ತಾರಲ್ಲ, ಆ ಹೆದರಿಕೆ. ಹೇಗೂ ಅಣ್ಣ ಹಾಕಿಲ್ಲ, ಹಾಕದೇ ಇದ್ದವನಿಗೆ ಏನಾಗುತ್ತೆ, ನಾಳೆ ತಾನಾಗೇ ತಿಳಿಯಾಗುತ್ತೆ ಅಂದ್ಕೊಂಡು ಆರು ದಿನ ತಳ್ಳಿದೆ. ಆರು ದಿನ! ಟ್ಯೂಬ್ ಮಾತ್ರ ಸೊಂಟದಲ್ಲೇ ಇತ್ತು.

ಏಳನೇ ದಿನ ಊಟ ಮಾಡ್ತಾ ರೇಡಿಯೋ ಅಂದ್ಲು, "ನಿಮ್ಮ ಬೇಡಪ್ಪಂಗೆ ಈಗ ಹೊಸ ಹೆಸರು ಇಟ್ಟಿದ್ದಾರಂತೆ ಕಣೇ, ಬೇಕಪ್ಪ ಅಂತ." ಮೇಜೆಲ್ಲ ನಕ್ಕಿತು. ಅವಳ ಕೈಯಲ್ಲೂ ಅದೇ ಮುಲಾಮಿನ ವಾಸನೆ. ನಾನು ಡಬ್ಬಿ ಮುಚ್ಚಿ, ಏಪ್ರನ್ ಬಿಚ್ಚಿ, ಯಾರಿಗೂ ಹೇಳದೆ ಹೊರಟೆ.

ಅಣ್ಣ ಒಣಗಿದ ಕೊಳದ ಕಟ್ಟೆ ಮೇಲೆ ಕೂತಿದ್ದ. ಗೇಟಿನಲ್ಲಿ ಬೋರ್ಡ್ ಇರಲಿಲ್ಲ, ನಾಲ್ಕು ಮೊಳೆಯ ತೂತು ಇತ್ತು. ನಾನು ಏನೂ ಪೀಠಿಕೆ ಹಾಕಲಿಲ್ಲ. ಟ್ಯೂಬ್ ಅವನ ಕೈಗಿಟ್ಟೆ, ಚೀಟಿ ಇಟ್ಟೆ, ನನ್ನ ಬೆರಳು ತೋರಿಸಿದೆ, ಎಲ್ಲ ಹೇಳಿದೆ. ಗ್ಲೌಸ್ ಕಿತ್ತಿದ್ದು, ಯಾಕೆ ಕಿತ್ತೆ ಅನ್ನೋದು, ಎಲ್ಲ. ಅವನು ಅಕ್ಷರಗಳನ್ನ ಹೊಂದಿಸಿ ನೋಡಿದ.

"ನಿನ್ನೆ ಬರಬಾರದಿತ್ತೇನೇ ಪುಟ್ಟಿ?" ಅಂದ.

ನಿನ್ನೆ ಅವನು ಸಹಿ ಹಾಕಿದ್ದ. ಮೇಡಂ ಅವನ ಮುಂದೆ ಎರಡು ದಾರಿ ಇಟ್ಟಿದ್ರಂತೆ. ನಾನು ಹಾಕಿಲ್ಲ ಅಂತ ವಾದ ಮಾಡಿದ್ರೆ ತನಿಖೆ ನಡೀಬೇಕು, ಅದು ಮುಗಿಯೋವರೆಗೆ ಉಳಿದ ಹನ್ನೊಂದು ಕೊಳದವರ ಸಿಗಡಿನೂ ಹೊರಗೆ ಹೋಗೋ ಹಾಗಿಲ್ಲ. ಅವರದ್ದೆಲ್ಲ ಹಿಡಿಯೋಕೆ ಬಂದ ಬೆಳೆ, ನೀರಲ್ಲಿ ಬಿಟ್ಟು ಕಾಯೋಕಾಗಲ್ಲ. ಇಲ್ಲಾಂದ್ರೆ, ತಿಳೀದೆ ನಾನೇ ಹಾಕಿದೆ ಅಂತ ಬರ್ಕೊಟ್ರೆ ಇವನ ಕೊಳ ಒಂದನ್ನ ತೆಗೆದು ಉಳಿದವರನ್ನ ಬಿಡ್ತಾರೆ. ಹನ್ನೊಂದು ಮನೆಯವರೂ ಬಂದು ಇವನ ಅಂಗಳದಲ್ಲಿ ಕೂತಿದ್ರಂತೆ. ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಸುಮ್ನೆ ಕೂತಿದ್ರು. ಇವನು ಒಳಗೆ ಹೋಗಿ ಪೆನ್ನು ತಂದ.

"ಬಾ, ಈಗಲೇ ಮೇಡಂ ಹತ್ರ ಹೋಗೋಣ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ದಾರೆ ಅಂತ ನಾನೇ ಹೇಳ್ತೀನಿ," ಅಂದೆ.

"ಏನಂತ ಹೇಳ್ತೀಯ? ನಮ್ಮಣ್ಣ ಸರ್ಕಾರಿ ಕಾಗದದ ಮೇಲೆ ಸುಳ್ಳು ಬರೆದ ಅಂತಾನಾ? ನಿನ್ನೆವರೆಗೆ ನಾನು ಮದ್ದು ಹಾಕಿದವನು. ನೀನು ಹೇಳಿದ್ರೆ ಸುಳ್ಳುಗಾರನೂ ಆಗ್ತೀನಿ. ಆ ಹನ್ನೊಂದು ಜನರ ಬೆಳೆ ನಿನ್ನೆ ರಾತ್ರಿಯೇ ಹಿಡಿದು ಲಾರಿ ಹತ್ತಿಸಿ ಆಯ್ತು, ನನ್ನ ಸಹಿ ಮೇಲೆ. ಅದನ್ನೂ ವಾಪಸ್ ಕರೆಸ್ತಾರೆ." ಆಮೇಲೆ ಅವನ ದನಿ ಏರಿತು. ನನ್ನ ಮೇಲೆ ಅವನು ಹಾಗೆ ಕೂಗಿದ್ದು ಅದೇ ಮೊದಲು. "ಒಂಬತ್ತು ದಿನ ಕಣೇ! ನಿದ್ದೆ ಇಲ್ಲದೆ ಹುಡುಕಿದ್ದೀನಿ, ಎಲ್ಲಿಂದ ಬಂತು, ಯಾರು ಹಾಕಿದ್ರು ಅಂತ. ಕೊನೆಗೆ ನಿಮ್ಮತ್ತಿಗೆಯನ್ನ ಕೇಳಿದೆ, ಮೇವಿಗೆ ಏನಾದ್ರೂ ಬೆರೆಸಿದ್ಯಾ ಅಂತ. ಇಪ್ಪತ್ತು ವರ್ಷ ನನ್ನ ಜೊತೆ ಗುದ್ದಲಿ ಹಿಡಿದೋಳನ್ನ ಕೇಳಿದೆ. ಅವಳು ನನ್ನ ಮುಖ ನೋಡಿದ್ದು ಹೇಗಿತ್ತು ಗೊತ್ತಾ ನಿನಗೆ?"

ನಾನು ಅತ್ತೆ. "ಅತ್ತಿಗೆಗಾದ್ರೂ ಹೇಳ್ತೀನಿ ಬಿಡು," ಅಂದೆ.

"ಬೇಡ. ಅವಳ ಮೇಲಿನ ಅನುಮಾನ ಹೋಗ್ಲಿ ಅಂತ, ನಾನೇ ಹಾಕಿದ್ದು ಅಂತ ಅವಳಿಗೂ ಹೇಳಿಬಿಟ್ಟಿದ್ದೀನಿ. ಈಗ ನಿನ್ನ ಹೆಸರು ಹೇಳಿದ್ರೆ ಅವಳು ಸುಮ್ನಿರ್ತಾಳಾ? ನಾಳೆಯೇ ಹೋಗಿ ಶೆಡ್ ಬಾಗಿಲಲ್ಲಿ ನಿಲ್ತಾಳೆ. ನಲವತ್ತು ಹೆಂಗಸರು ಬೀದಿಗೆ ಬರ್ತೀರ." ಟ್ಯೂಬನ್ನ ಕೊಳದ ಬಿರುಕಿಗೆ ತುರುಕಿ, ಕಾಲಲ್ಲಿ ಮಣ್ಣು ಎಳೆದ. "ಇದು ಇಲ್ಲಿಗೇ ಮುಗೀತು. ನನ್ನ ಮೇಲೆ ಆಣೆ ಇಡು." ಇಟ್ಟೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ನನ್ನ ಒಲೆ ಅವತ್ತು ಉರಿದಿದ್ದು ಇವತ್ತಿನವರೆಗೂ ಆರಿಲ್ಲ.

ಅಲ್ಲಿಗೇ ಮುಗಿದಿದ್ರೆ ಸಾಕಿತ್ತು. ಇಲಾಖೆಯವರಿಗೆ ತರಬೇತಿಗೆ ಒಬ್ಬ ಬೇಕಿತ್ತು, ತಪ್ಪು ಮಾಡಿ ಒಪ್ಕೊಂಡವನು. ಮೇಡಂ ಕೆಟ್ಟ ಮನಸ್ಸಿಂದ ಕರೆದಿದ್ದಲ್ಲ. ಗೇಣಿ ಜಾಗ ಕೈಬಿಟ್ಟು ಮನೇಲಿ ಕೂತಿದ್ದ ಮನುಷ್ಯನಿಗೆ ಒಂದು ಕೆಲಸ ಆಗ್ಲಿ, ನಾಲ್ಕು ಜನರ ಮುಖ ನೋಡ್ಲಿ ಅಂತ. ಊರೂರಿಗೆ ಜೀಪಿನಲ್ಲಿ ಕರ್ಕೊಂಡು ಹೋಗೋರು. ಅವನು ಕೊಳದವರ ಮುಂದೆ ನಿಂತು, "ನಾನು ದುರಾಸೆಗೆ ಬಿದ್ದು ಮದ್ದು ಹಾಕಿದೆ, ನನ್ನ ಗತಿ ನೋಡಿ, ನೀವು ಹಾಕಬೇಡಿ" ಅಂತ ಹೇಳೋನು. ಮೊದಲ ಸಲ ಹೋಗಿ ಬಂದು ವಾಂತಿ ಮಾಡ್ಕೊಂಡ. ಅತ್ತಿಗೆ ನೀರಿನ ಚೊಂಬು ಪಕ್ಕದಲ್ಲಿಟ್ಟು ಒಳಗೆ ಹೋದ್ಲು. ಮಾಡಿದ್ದು ಇವರು, ಅನುಮಾನ ನನ್ನ ಮೇಲೆ ಅಂತ ಅವಳಿಗೆ ಹೊಟ್ಟೇಲಿ ಕುದೀತಿತ್ತು. ಒಂದೇ ಸೂರಿನಡಿ ಬೇರೆ ಬೇರೆ ಹೊತ್ತಿಗೆ ಊಟ ಮಾಡೋಕೆ ಶುರು ಮಾಡಿದ್ರು.

ಒಂದು ಸಲ ಅವನ ಭಾಷಣ ಕೇಳೋಕೆ ನಾನೇ ಹೋಗಿದ್ದೆ, ಹಿಂದಿನ ಸಾಲಲ್ಲಿ ಕೂತಿದ್ದೆ. ಯಾರೋ ಎದ್ದು, "ಯಾವ ಅಂಗಡಿಯಲ್ಲಿ ತಗೊಂಡ್ರಿ, ಎಷ್ಟು ಹಾಕಿದ್ರಿ?" ಅಂತ ಕೇಳಿದ್ರು. ಅಣ್ಣ ತಡವರಿಸಿದ. ಜನ ಗುಸುಗುಸು ಅಂದ್ರು. ಮುಂದಿನ ಸಲದಿಂದ ಅವನು ಉತ್ತರ ಇಟ್ಕೊಂಡು ಹೋಗೋಕೆ ಶುರು ಮಾಡಿದ. ಪೇಟೆಯ ಒಂದು ಅಂಗಡಿ ಹುಟ್ಟಿತು. ಆಮೇಲೆ ಒಂದು ಸೀಸೆ, ಅದರ ಬಣ್ಣ. ಆಮೇಲೆ ಅವತ್ತು ಮೋಡ ಇತ್ತು, ಸಿಗಡಿ ಮೇವು ಬಿಟ್ಟಿದ್ದವು, ಕೈ ನಡುಗಿತು ಅನ್ನೋದು. ಕೇಳಿದವರು ಕಣ್ಣೊರೆಸ್ಕೋತಿದ್ರು. ಒಳ್ಳೇ ಮಾತುಗಾರ ಅಂತ ಹೆಸರು ಬಂತು. ಹನ್ನೊಂದು ಕೊಳ ನೂರಾಯ್ತು, ರಫ್ತು ಹೆಚ್ಚಿತು, ಪೇಪರಿನಲ್ಲಿ ಬಂತು. ಪರದೇಶದಲ್ಲಿ ಕೊಳ್ಳೋರು ಕೇಳಿದ್ರು ಅಂತ ಶೆಡ್ಡಿನಲ್ಲಿ ಕೈ ಪರೀಕ್ಷೆ ಮಾಡಿ ಒಳಗೆ ಬಿಡೋ ಪದ್ಧತಿ ಬಂತು, ಮುಲಾಮು ಹಚ್ಚಿದವರನ್ನ ವಾಪಸ್ ಕಳಿಸ್ತಾರೆ ಈಗ. ಎಲ್ಲ ಒಳ್ಳೇದೇ ಆಯ್ತು, ನಮ್ಮಣ್ಣ ಒಬ್ಬನನ್ನ ಬಿಟ್ಟು.

ಇದೆಲ್ಲ ಆಗಿ ಹನ್ನೊಂದು ವರ್ಷ. ಅಣ್ಣನಿಗೆ ಈಗ ಅರವತ್ತೊಂಬತ್ತು. ಮರೆವು ಗಿರೆವು ಏನಿಲ್ಲ. ಯಾವ ವರ್ಷ ಎಷ್ಟು ಮರಿ ಬಿಟ್ಟಿದ್ದ, ಯಾವ ಪಂಪಿನ ಯಾವ ನಟ್ಟು ಸಡಿಲ ಇತ್ತು, ಕೇಳಿ, ತಟ್ಟಂತ ಹೇಳ್ತಾನೆ. ಹೋದ ತಿಂಗಳು ಅವನ ಮನೆಗೆ ಹೋಗಿದ್ದೆ. ಮಾರನೇ ದಿನ ಎಲ್ಲೋ ತರಬೇತಿ ಇತ್ತು, ಮೆಟ್ಟಿಲ ಮೇಲೆ ಕೂತು ಅಂಗಿಗೆ ಗುಂಡಿ ಹಾಕ್ತಾ ತನ್ನಷ್ಟಕ್ಕೆ ತಾನೇ ಭಾಷಣ ಹೇಳ್ಕೋತಿದ್ದ. ನನ್ನನ್ನ ನೋಡಿ ಅಂದ, "ಬಾ ಪುಟ್ಟಿ. ಇಷ್ಟು ವರ್ಷ ಮೂರು ಚಮಚ ಅಂತಿದ್ದೆ. ನಿನ್ನೆ ಸರಿಯಾಗಿ ನೆನಪಾಯ್ತು, ನಾಲ್ಕು. ಸಂಜೆ ಮೇವಿಗೆ ಕಲಸಿದ್ದು."

ಸುತ್ತ ಯಾರೂ ಇರಲಿಲ್ಲ, ಅತ್ತಿಗೆ ಒಳಗೆ ಪಾತ್ರೆ ತೊಳೀತಿದ್ಲು. ಪಕ್ಕದಲ್ಲಿ ಕೂತು, ಮೆಲ್ಲಗೆ ಅಂದೆ, "ಅಣ್ಣಾ, ನನ್ನ ಹತ್ರನೂ ಯಾಕೋ ಇದು? ನೀನು ಯಾವತ್ತು ಹಾಕಿದ್ದೆ? ನಾನಲ್ವಾ, ನನ್ನ ಕೈಯಿಂದಲ್ವಾ ಹೋಗಿದ್ದು?"

ಅವನು ಗುಂಡಿ ಹಾಕೋದು ನಿಲ್ಲಿಸಿ ನನ್ನನ್ನ ನೋಡಿದ. ಆ ಕಣ್ಣಲ್ಲಿ ಒಂದು ಚೂರು ಕಳ್ಳತನ ಇದೆಯಾ, ನಾಟಕ ಇದೆಯಾ ಅಂತ ಹುಡುಕಿದೆ. ಇರಲಿಲ್ಲ. ಬರೀ ಮರುಕ ಇತ್ತು. ನನ್ನ ಕೈ ತಗೊಂಡು ತಟ್ಟಿದ.

"ಅಣ್ಣನ ಮೇಲಿನ ಪ್ರೀತಿಗೆ ಹೀಗೆಲ್ಲ ಹೇಳಬಾರದು ಕಣೇ. ನನ್ನ ತಪ್ಪನ್ನ ನೀನ್ಯಾಕೆ ತಲೆ ಮೇಲೆ ಎಳ್ಕೋತೀಯ? ನೀನು ಪಾಪ, ಏನು ಮಾಡಿದ್ದೀಯ?"

ಕ್ಷಮಿಸು ಅಂತ ಕೇಳೋಕೆ ನನಗೆ ಲೋಕದಲ್ಲಿ ಇದ್ದವನು ಅವನೊಬ್ಬನೇ. ಬಾಯಿಗೆ ಸೆರಗು ಒತ್ಕೊಂಡ್ರೂ ಅಳು ತಡೆಯೋಕೆ ಆಗಲಿಲ್ಲ. ಪಾತ್ರೆ ಸದ್ದು ನಿಂತಿತು. ಅತ್ತಿಗೆ ಕೈ ಒರೆಸ್ಕೋತಾ ಬಾಗಿಲಿಗೆ ಬಂದ್ಲು, ಅವನನ್ನ ನೋಡಿದ್ಲು, ನನ್ನನ್ನ ನೋಡಿದ್ಲು.

"ಅವರು ಮಾಡಿದ್ದಕ್ಕೆ ನೀನ್ಯಾಕಮ್ಮ ಅಳ್ತೀಯ?" ಅಂದ್ಲು.